ತೊಯೆಯ ತಾತನನ್ನು ಹೊರಗೆ ಕೂರಿಸಿದ್ದು

ಕುದುಗು ಪೇಟೆಯಲ್ಲಿ ರಸ್ಮಾನೆ ತಾಪ್ಸೋಬಾನನ್ನು ಫುಟ್ಬಾಲ್ ವಿಡಿಯೊ ಗೇಮಿನಲ್ಲಿ ಸೋಲಿಸುವವರು ಯಾರೂ ಉಳಿದಿರಲಿಲ್ಲ. ಗೆದ್ದ ಮೇಲೆ ಅವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಅಂಗೈ ಒರೆಸಿಕೊಳ್ಳುತ್ತಿದ್ದ, ಮುಂದಿನವನು ಬಂದು ಕೂರುತ್ತಿದ್ದ, ಅವನೂ ಸೋತು ಏಳುತ್ತಿದ್ದ. ಗೆದ್ದವನು ಕೂತಿರಬೇಕು, ಸೋತವನು ಏಳಬೇಕು ಎಂಬುದು ಜೆನಾಬೊ ನಡೆಸುವ ಆಟದ ಕೋಣೆಯ ನಿಯಮ. ಹಾಗಾಗಿ ರಸ್ಮಾನೆ ಸಂಜೆಯೆಲ್ಲ ಕೂತೇ ಇರುತ್ತಿದ್ದ. ಮನೆಗೆ ಹೋಗುವಾಗ ಮಾತ್ರ, ಕಚೇರಿಯಲ್ಲಿ ಇನ್ನೊಂದು ಪಾಳಿ ಮುಗಿಸಿ ಬಂದವನ ಹಾಗೆ ಬೆನ್ನು ನೋಯುತ್ತಿತ್ತು.

ಅವನ ನಿಜವಾದ ಕಚೇರಿ ಊರಿನ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯ. ಬೋರ್‌ವೆಲ್‌ಗಳಿಂದ, ಬೀದಿ ನಲ್ಲಿಗಳಿಂದ ಬಾಟಲಿಗಳಲ್ಲಿ ಬರುವ ನೀರನ್ನು ನೋಡಿ ಕುಡಿಯಬಹುದೇ ಬಾರದೇ ಎಂದು ಹೇಳುವುದು ಅವನ ಕೆಲಸ. ಅದರಲ್ಲಿ ಅವನು ಒಳ್ಳೆಯ ಹೆಸರು ಮಾಡಿದ್ದ. ಏನಾದರೂ ಕೆಟ್ಟಿದೆ ಎಂದರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗಬೇಕು, ಕೊನೆಗೆ ಉಳಿಯುವುದೇ ತಪ್ಪಿತಸ್ಥ ಎಂದು ಕಾಲೇಜಿನಲ್ಲಿ ಕಲಿತಿದ್ದ. ಆ ಪದ್ಧತಿ ಅವನಿಗೆ ಎಂದೂ ಕೈಕೊಟ್ಟಿರಲಿಲ್ಲ.

ಆಟದಲ್ಲಿ ಅವನು ಮೊದಲಿನಿಂದಲೂ ಹೀಗಿರಲಿಲ್ಲ. ಎಲ್ಲರ ಹಾಗೆ ಗೆಲ್ಲುತ್ತಾ ಸೋಲುತ್ತಾ, ಕೂಗಾಡುತ್ತಾ ಆಡುತ್ತಿದ್ದವನು. ಹಿಂದಿನ ವರ್ಷ ಊರಿನ ಪಂದ್ಯವೊಂದರಲ್ಲಿ ಹೇಗೋ ಗೆದ್ದು ರಾಜಧಾನಿಗೆ ಹೋದ. ಅಲ್ಲಿ ಮೊದಲ ಸುತ್ತಿನಲ್ಲೇ ಒಬ್ಬಳು ಕಾಲೇಜು ಹುಡುಗಿ ಅವನನ್ನು ಸೋಲಿಸಿದಳು. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಅವನ ಮುಖವನ್ನೂ ನೋಡದೆ, ಈರುಳ್ಳಿ ಹೆಚ್ಚಿದಷ್ಟು ನಿರಾಳವಾಗಿ ಐದು ಗೋಲು ಹೊಡೆದಳು. ರಸ್ಮಾನೆಗೆ ಅವಮಾನಕ್ಕಿಂತ ಬೆರಗೇ ಹೆಚ್ಚಾಯಿತು. ಇದು ಕಲಿಯಬಹುದಾದ ವಿದ್ಯೆ ಎಂದು ಅವನಿಗೆ ಅನ್ನಿಸಿತು.

ಕಲಿತ. ಯಾವ ಜಾಗದಿಂದ ಹೊಡೆದ ಚೆಂಡು ಹೆಚ್ಚು ಸಲ ಒಳಗೆ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಗಮನಿಸಿದ. ಮೈದಾನದ ಅಂಚಿನವರೆಗೆ ಓಡಿ, ಅಲ್ಲಿಂದ ನೆಲಮಟ್ಟದಲ್ಲಿ ಹಿಂದಕ್ಕೆ ಒಂದು ಪಾಸ್ ಕೊಟ್ಟರೆ ಗೋಲ್‌ಕೀಪರ್ ಹೆಚ್ಚುಕಡಿಮೆ ಕೈಕಟ್ಟಿ ನಿಂತ ಹಾಗೆಯೇ. ಒಂದು ಗೋಲು ಆದ ಮೇಲೆ ಚೆಂಡನ್ನು ಹಿಂದೆ ಹಿಂದೆ ಆಡಿಸುತ್ತಾ ಹೊತ್ತು ಕಳೆದರಾಯಿತು. ಗೆಲುವು ನಲ್ಲಿಯ ನೀರಿನ ಹಾಗೆ ಬರತೊಡಗಿತು. ಖುಷಿ ಮಾತ್ರ ಬರಲಿಲ್ಲ. ಇನ್ನೂ ಚೆನ್ನಾಗಿ ಆಡಿದರೆ ಬಂದೀತು ಎಂದುಕೊಂಡ, ಬರಲಿಲ್ಲ. ನಿದ್ದೆ ಸಾಲದೇನೋ ಎಂದು ಬೇಗ ಮಲಗಿ ನೋಡಿದ. ಕಂಟ್ರೋಲರ್ ಬದಲಿಸಿದ. ಫ್ಯಾನಿನ ಕೆಳಗಿನ ಟೀವಿ ಬಿಟ್ಟು ಗೋಡೆಯ ಪಕ್ಕದ ಟೀವಿಗೆ ಹೋದ. ಎಲ್ಲವನ್ನೂ ತೆಗೆದುಹಾಕಿದ ಮೇಲೆ ಕೊನೆಗೆ ಒಂದೇ ಕಾರಣ ಉಳಿಯಿತು: ಗಲಾಟೆ.

ಗಲಾಟೆ ಎಂದರೆ ಸೆಲೆಸ್ತಿನ್ ತೊಯೆ.

ತೊಯೆ ಪ್ರಾಥಮಿಕ ಶಾಲೆಯ ಮೇಷ್ಟರು. ಮೈಕಿಲ್ಲದೆ ಎರಡು ತರಗತಿಗೆ ಒಟ್ಟಿಗೆ ಪಾಠ ಮಾಡುವ ಗಂಟಲು. ಅವನು ಸಾಮೊ ಜನಾಂಗದವನು, ತೂಗಾನ್ ಊರಿನ ಕಡೆಯವನು; ರಸ್ಮಾನೆ ಮೋಸಿ ಜನಾಂಗದವನು. ಮೋಸಿಗಳಿಗೂ ಸಾಮೊಗಳಿಗೂ ಅಜ್ಜಂದಿರ ಕಾಲದಿಂದ ಬಂದ ಸಲಿಗೆಯಿದೆ. ಒಬ್ಬರು ಇನ್ನೊಬ್ಬರನ್ನು 'ನನ್ನ ಆಳು' ಎಂದು ಸಂತೆಯಲ್ಲೇ ಕೂಗಬಹುದು, ತಲೆ ಮೇಲಿನ ಟೋಪಿ ಕಿತ್ತುಕೊಳ್ಳಬಹುದು, ತಟ್ಟೆಯಲ್ಲಿನ ಮೀನಿನ ತುಂಡು ಎತ್ತಿಕೊಳ್ಳಬಹುದು. ಸಾವಿನ ಮನೆಗೆ ಹೋಗಿ, ಹೆಣದ ಮುಂದೆಯೇ, ಸತ್ತವನು ಹೇಗೆ ಕುಂಟುತ್ತಿದ್ದ, ಹೇಗೆ ಜಿಪುಣತನ ಮಾಡುತ್ತಿದ್ದ ಎಂದು ಅಣಕಿಸಿ ಅಳುವವರನ್ನೂ ನಗಿಸಬಹುದು. ಒಂದನ್ನು ಮಾತ್ರ ಮಾಡುವಂತಿಲ್ಲ. ಸಿಟ್ಟಾಗುವಂತಿಲ್ಲ.

ಧೂಳುಗಾಳಿ ಶುರುವಾದ ಮೊದಲ ವಾರದಲ್ಲಿ ಒಂದು ಸಂಜೆ ತೊಯೆ ಎಂದಿನಂತೆ ಬಂದು ರಸ್ಮಾನೆಯ ಪಕ್ಕ ಕುಕ್ಕರಿಸಿದ.

"ಏನೋ ನನ್ನ ಆಳೇ, ಊರಿನ ನೀರೆಲ್ಲಾ ಮೂಸಿ ಆಯ್ತಾ? ಸರಿದು ಕೂತ್ಕೊ, ಒಡೆಯರು ಬಂದಿದಾರೆ."

"ಆಡೋಕೆ ಬಂದಿದ್ರೆ ಆಡು," ಎಂದ ರಸ್ಮಾನೆ.

ತೊಯೆ ಆಡುವುದು ಒಂದೇ ತಂಡದಲ್ಲಿ. ಆಟದ ಯಂತ್ರದೊಳಗೆ ಅವನೇ ಮಾಡಿ ಇಟ್ಟಿದ್ದ ತಂಡ, ಹೆಸರು ತೂಗಾನ್. ಹನ್ನೊಂದು ಜನವೂ ಅವನ ನೆಂಟರು. ಚಿಕ್ಕಪ್ಪಂದಿರು, ಸೋದರಮಾವ, ಒಬ್ಬ ಪಾದ್ರಿ, ಗೋಲಿನಲ್ಲಿ ಸ್ವತಃ ತೊಯೆ. ಮುಂಚೂಣಿಯಲ್ಲಿ ಲಾಸಿನಾ ತಾತ, ಅಮ್ಮನ ಅಪ್ಪ, ತೀರಿಕೊಂಡು ಬಹಳ ಕಾಲವಾಗಿತ್ತು. ತಾತನ ಒದೆತದ ಬಲಕ್ಕೆ ಯಂತ್ರ ಕೊಡುವ ಅತಿ ದೊಡ್ಡ ಅಂಕಿಯನ್ನೇ ತೊಯೆ ಕೊಟ್ಟಿದ್ದ. ವೇಗಕ್ಕೆ ತೀರಾ ಕಡಿಮೆ. ಯಾಕೆಂದು ಕೇಳಿದರೆ, "ಹಿರಿಯರು ಓಡಬಾರದಪ್ಪ. ಹಿರಿಯರು ಓಡಿದ್ರೆ ಊರಿಗೆ ಬೆಂಕಿ ಬಿದ್ದಿದೆ ಅಂತ ಜನ ತಿಳ್ಕೋತಾರೆ," ಎನ್ನುತ್ತಿದ್ದ. ಆ ತಂಡವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಹೆದರಿಕೆಯೇನಲ್ಲ, ಅದರಲ್ಲಿ ಗೆಲ್ಲುವುದು ಯಾರಿಂದಲೂ ಆಗುತ್ತಿರಲಿಲ್ಲ.

ಆ ಸಂಜೆ ರಸ್ಮಾನೆ ಒಂದು ಗೋಲು ಹೊಡೆದು ಚೆಂಡನ್ನು ಹಿಂದೆ ಆಡಿಸತೊಡಗಿದ.

"ನೋಡ್ರಪ್ಪ, ನಮ್ಮ ಆಳು ದನ ಕಾಯ್ತಿದಾನೆ," ಎಂದ ತೊಯೆ ಇಡೀ ಕೋಣೆಗೆ ಕೇಳುವಂತೆ. "ಈ ಕಡೆ ಹೊಡೀತಾನೆ, ಆ ಕಡೆ ಹೊಡೀತಾನೆ, ಮನೆಗೆ ಮಾತ್ರ ಹೋಗಲ್ಲ. ಅಲ್ವೋ, ಆ ಚೆಂಡಿಗೆ ಬಾಯಾರಿಕೆ ಆಗಿರುತ್ತೆ, ಒಂದು ಬಾಟ್ಲಿ ನೀರು ಪರೀಕ್ಷೆ ಮಾಡಿ ಕುಡಿಸು!"

ಹಿಂದಿನ ಬೆಂಚಿನವರು ನಕ್ಕರು. ತೊಯೆ ಕೈ ಚಾಚಿ ರಸ್ಮಾನೆಯ ಟೋಪಿ ಕಿತ್ತು ತನ್ನ ತಲೆಗಿಟ್ಟುಕೊಂಡ. ಆ ಒಂದು ಗಳಿಗೆಯಲ್ಲಿ ರಸ್ಮಾನೆಯ ಹೆಬ್ಬೆರಳು ಜಾರಿತು. ಪಾಸ್ ತಪ್ಪಿ ಲಾಸಿನಾ ತಾತನ ಕಾಲಿಗೆ ಸಿಕ್ಕಿತು. ತಾತ ಇದ್ದಲ್ಲಿಂದಲೇ ಒದ್ದ. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಕೋಣೆ ಕುಣಿಯಿತು.

ರಸ್ಮಾನೆ ಎದ್ದು ನಿಂತ. "ಬಾಯಿ ಮುಚ್ಚು," ಎಂದ. "ನಿನ್ನಂಥವನ ಪಕ್ಕ ಕೂತು ಆಡ್ತೀನಲ್ಲ, ಅದು ನನ್ನ ತಪ್ಪು. ಮರ್ಯಾದೆ ಅಂದ್ರೇನು ಅಂತ ಗೊತ್ತಾ ನಿಂಗೆ? ನಿಮ್ಮ ಮನೇಲಿ ಯಾರೂ ಹೇಳಿಕೊಡಲಿಲ್ವಾ?"

ಇನ್ನೂ ದೊಡ್ಡ ತಮಾಷೆ ಬರುತ್ತದೆ ಎಂದುಕೊಂಡು ಯಾರೋ ಕಿಸಕ್ಕೆಂದರು. ರಸ್ಮಾನೆಯ ಮುಖ ನೋಡಿ ಅದೂ ನಿಂತಿತು. ಉಳಿದ ಮೂರು ಟೀವಿಗಳ ಮುಂದೆ ಆಡುತ್ತಿದ್ದವರು ಆಟ ನಿಲ್ಲಿಸಿ ತಿರುಗಿ ನೋಡಿದರು. ಬಾಗಿಲ ಬಳಿ ಅಲಸಂದೆ ಅನ್ನ ಬಡಿಸುತ್ತಿದ್ದ ಜೆನಾಬೊಳ ಸೌಟು ಹಾಗೇ ನಿಂತಿತು. ಮೋಸಿಯೊಬ್ಬ ಸಾಮೊನ ಮೇಲೆ ನಿಜವಾಗಿ ಸಿಟ್ಟಾದದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕಂಡಿರಲಿಲ್ಲ.

ತೊಯೆ ಟೋಪಿ ತೆಗೆದ. ಅದರ ಮೇಲಿನ ಧೂಳು ಕೊಡವಿ ಬೆಂಚಿನ ಮೇಲಿಟ್ಟ. "ಕ್ಷಮಿಸಿ ತಾಪ್ಸೋಬಾ ಅವರೇ," ಎಂದ. "ಇನ್ನು ಮುಂದೆ ಹಾಗಾಗಲ್ಲ." ಹಾಗೆಂದು ಹೊರಟುಹೋದ.

ಹಾಗೆ ಆಗಲೂ ಇಲ್ಲ.

ಮರುದಿನ ರಸ್ತೆಯಲ್ಲಿ ಸಿಕ್ಕ ತೊಯೆ ಮೊಪೆಡ್ ನಿಲ್ಲಿಸಿ ಇಳಿದ. "ನಮಸ್ಕಾರ ಸರ್. ಮನೆಯಲ್ಲಿ ಎಲ್ಲಾ ಚೆನ್ನಾಗಿದಾರಾ? ತಾಯಿಯವರ ಮಂಡಿನೋವು ಹೇಗಿದೆ? ಕೆಲಸ ಹೇಗೆ ನಡೀತಿದೆ?" ಪ್ರತಿಯೊಂದಕ್ಕೂ ಉತ್ತರ ಬರುವವರೆಗೆ ಕಾದು, ತಲೆಬಾಗಿ, ಹೋದ. ಸಂಜೆ ಜೆನಾಬೊಳ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಆಡಿದ. ರಸ್ಮಾನೆ ಗೋಲು ಹೊಡೆದಾಗ "ಒಳ್ಳೆ ಗೋಲು ಸರ್," ಎಂದ. ಇನ್ನೊಂದಕ್ಕೆ "ಇದೂ ಒಳ್ಳೇದು ಸರ್." ಸೋತ ಮೇಲೆ ಎದ್ದು, "ನಿಮ್ಮಿಂದ ಕಲಿಯೋದು ಬಹಳ ಇದೆ," ಎಂದು ಕೈಕುಲುಕಿದ.

ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಮೀನು ಮಾರುವ ಪಾರೆ ಅಕ್ಕ ಸಾಮೊ ಹೆಂಗಸು. ರಸ್ಮಾನೆಯನ್ನು ಕಂಡರೆ ಬುಟ್ಟಿಯಲ್ಲಿನ ಅತಿ ಸಣ್ಣ ಮೀನನ್ನು ಬಾಲ ಹಿಡಿದೆತ್ತಿ, "ತಗೋ, ಆಳಿಗೆ ಇಷ್ಟು ಸಾಕು, ಮುಳ್ಳು ವಾಪಸ್ ತಂದ್ಕೊಡು," ಎನ್ನುತ್ತಿದ್ದವಳು. ಈಗ ಅವಳು ದೊಡ್ಡ ಮೀನನ್ನೇ ಆರಿಸಿ ಸರಿಯಾಗಿ ತೂಗಿ, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಪ್ರಯೋಗಾಲಯದ ಗೇಟಿನ ಕಾವಲುಗಾರನೂ ತೂಗಾನ್ ಕಡೆಯವನೇ. ದಿನವೂ ಅಡ್ಡ ನಿಂತು "ಸುಂಕ ಕೊಡದೆ ಮೋಸಿಗಳಿಗೆ ಪ್ರವೇಶವಿಲ್ಲ" ಎನ್ನುತ್ತಿದ್ದವನು ಈಗ ಎದ್ದು ನಿಂತು ಸಲಾಮು ಹೊಡೆದ. ಊರಿನ ಸಾಮೊಗಳೆಲ್ಲ ಒಂದು ಮಾತೂ ಆಡಿಕೊಳ್ಳದೆ ರಸ್ಮಾನೆಗೆ ಅವನು ಕೇಳಿದ ಮರ್ಯಾದೆಯನ್ನು ಅಳತೆ ಮಾಡಿ ಕೊಡತೊಡಗಿದರು.

ರಸ್ಮಾನೆ ಮೊದಲ ವಾರ ಇದನ್ನು ಪ್ರಯೋಗದ ಫಲಿತಾಂಶವೆಂದೇ ನೋಡಿದ. ಗಲಾಟೆ ತೆಗೆದುಹಾಕಿಯಾಗಿತ್ತು, ಖುಷಿ ಹೆಚ್ಚಬೇಕಿತ್ತು. ಇದ್ದಷ್ಟೂ ಹೋಯಿತು. ಈಗ ಅವನು ಗೋಲು ಹೊಡೆದರೆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಂದಿನ ಬೆಂಚಿನ ಮೂಮುನಿ, ಸಿಮೆಂಟು ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಆಕಳಿಸಿ ಬೇರೆ ಟೀವಿಯ ಸರದಿಗೆ ಎದ್ದುಹೋಗುತ್ತಿದ್ದ.

ಹೆಂಡತಿ ಮರಿಯಮ್ ಒಂದು ಬೆಳಿಗ್ಗೆ ಕೇಳಿದಳು. "ಏನ್ರೀ, ಹಬ್ಬದ ದಿನವೂ ಒಬ್ಬ ಸಾಮೊ ನಮ್ಮ ಬಾಗಿಲಿಗೆ ಬಂದು ಬೈಲಿಲ್ವಲ್ಲ?"

ಅವನು ನಡೆದದ್ದನ್ನು ಹೇಳಿದ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ನಿಮ್ಮಮ್ಮನಿಗೆ ವಯಸ್ಸಾಯ್ತು," ಎಂದಳು. "ಆಯಸ್ಸು ಇರಲಿ ಅವರಿಗೆ, ಬೇಡ ಅನ್ನಲ್ಲ. ಆದ್ರೆ ನಾಳೆ ಅವರು ಹೋದ್ರೆ ಹೆಣದ ಮುಂದೆ ಅವರ ಥರ ನಡೆದು ತೋರ್ಸೋಕೆ ಯಾರು ಬರ್ತಾರೆ? ಎಲ್ಲರೂ ಸಾಲಾಗಿ ನಿಂತು ಕೈಮುಗಿದು ಹೋಗ್ತಾರೆ. ಅದು ಸಾವಾ? ಅದು ಸರ್ಕಾರಿ ಸಭೆ."

ಅಂದು ರಸ್ಮಾನೆ ಬಾಟಲಿಗಳ ಮೇಲೆ ತಪ್ಪು ಚೀಟಿ ಅಂಟಿಸಿ, ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಸಂಜೆ ನೇರ ಜೆನಾಬೊಳ ಬಳಿಗೆ ಹೋಗಿ, ಅವಳು ದೊಡ್ಡ ಪಾತ್ರೆಯಲ್ಲಿ ಸಜ್ಜೆ ಹಿಟ್ಟು, ಶುಂಠಿ ಕದಡಿ ಪಾನಕ ಮಾಡುತ್ತಿದ್ದಲ್ಲೇ ನಿಂತ.

"ಅಕ್ಕಾ, ತೊಯೆ ಹತ್ರ ಕ್ಷಮೆ ಕೇಳೋಣ ಅಂತಿದೀನಿ."

"ಕೇಳಬೇಡ," ಎಂದಳು ಜೆನಾಬೊ ತಲೆ ಎತ್ತದೆ. "ನೀನು ಕ್ಷಮೆ ಕೇಳ್ತೀಯ, ಅವನು ಆಯ್ತು ಅಂತಾನೆ, ಅಲ್ಲಿಗೆ ಇಬ್ಬರೂ ದೊಡ್ಡ ಮನುಷ್ಯರಾಗ್ತೀರ. ಸಾಯೋವರೆಗೆ ಸರ್ ಸರ್ ಅಂತ ಇರ್ತೀರ. ನನ್ನ ಅಂಗಡಿಲಿ ಆಗಲೇ ಜನ ಕಡಿಮೆ ಆಗಿದಾರೆ."

"ಮತ್ತೇನು ಮಾಡ್ಲಿ? ಆಳು ಅಂತ ಕರೆದೆ. 'ಹೇಳಿ ಸರ್' ಅಂದ."

"ಬಾಯಲ್ಲಿ ಕರೆದ್ಯಲ್ಲ, ಅದಕ್ಕೇ. ಹೆದರಿಕೊಂಡು ಕರೆದಿರ್ತೀಯ. ಅವನದು ಏನಾದ್ರೂ ಕಿತ್ಕೊ. ಅಟ್ಟಿಸಿಕೊಂಡು ಬಂದ್ರೆ ಸರಿಹೋಯ್ತು ಅಂತ. 'ಇಟ್ಕೊಳ್ಳಿ' ಅಂದ್ರೆ ಮುಗೀತು ಅಂತ."

ರಸ್ಮಾನೆ ಮರುದಿನವೇ ತೊಯೆಯ ಟೋಪಿ ಕಿತ್ತ. ಕಿತ್ತು ಬಾಗಿಲವರೆಗೆ ಓಡಿದ. ತೊಯೆ ಕೂತಲ್ಲಿಂದ ಏಳಲಿಲ್ಲ. "ನಿಮಗೇ ಒಪ್ಪುತ್ತೆ ಸರ್, ಇಟ್ಕೊಳ್ಳಿ," ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ರಸ್ಮಾನೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಾಗಿಲಲ್ಲಿ ಬೇರೆಯವರ ಟೋಪಿ ಹಿಡಿದು ನಿಂತ ಅವನನ್ನು ಇಡೀ ಕೋಣೆ ನೋಡಿತು. ಅದನ್ನು ಜೆನಾಬೊಳ ಕೈಗೆ ಕೊಟ್ಟು ಹೋದ.

ಆ ಮೇಲೆ ಕೆಲವು ದಿನ ಅವನು ಆ ಕಡೆ ಹೋಗಲಿಲ್ಲ. ಮನೆಯಲ್ಲಿ ಒಂದು ಹಳೆಯ ಯಂತ್ರವಿತ್ತು. ಅದರಲ್ಲಿ ಒಬ್ಬನೇ ಆಡಿದ, ಯಂತ್ರದ ವಿರುದ್ಧ. ಗೆದ್ದ. ನಿಲ್ಲಿಸಿ ಕಪ್ಪು ಪರದೆಯಲ್ಲಿ ತನ್ನ ಮುಖ ನೋಡಿದ. ಈ ಆಟವನ್ನೇ ಬಿಟ್ಟುಬಿಡಬಹುದು. ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹಾಗೆ ತೀರ್ಮಾನಿಸಿದವನಿಗೆ, ತೊಯೆ ಮಾತ್ರ ಇನ್ನು ಉಳಿದ ಕಾಲವೆಲ್ಲ ರಸ್ತೆಯಲ್ಲಿ ಮೊಪೆಡ್‌ನಿಂದ ಇಳಿದು ಅಮ್ಮನ ಮಂಡಿನೋವು ವಿಚಾರಿಸುತ್ತಲೇ ಇರುತ್ತಾನೆ ಎಂಬುದು ಹೊಳೆಯಿತು. ಅದನ್ನು ತಡೆದುಕೊಳ್ಳುವುದು ತನ್ನಿಂದಾಗದು ಎಂದೂ ತಿಳಿಯಿತು.

ಶನಿವಾರ ಮಧ್ಯಾಹ್ನ ಕೋಣೆ ತುಂಬಿತ್ತು. ಹೊರಗೆ ಕೆಂಪು ಧೂಳು, ಒಳಗೆ ಬೆವರು. ತೊಯೆ ಒಬ್ಬನನ್ನು ಅಪರೂಪಕ್ಕೆ ಸೋಲಿಸಿ ಕೂತಿದ್ದ. ಮುಂದಿನ ಸರದಿ ಮೂಮುನಿಯದು. ರಸ್ಮಾನೆ ಅವನ ಭುಜ ಮುಟ್ಟಿದ.

"ನಿನ್ನ ಸರದಿ ನಂಗೆ ಕೊಡು."

"ಯಾಕೆ ಕೊಡ್ಲಿ? ನೀನು ಬಂದ್ರೆ ನಿದ್ದೆ ಬರುತ್ತೆ ನಮಗೆ."

"ಒಂದು ಲೋಟ ಪಾನಕ."

"ಎರಡು," ಎಂದ ಮೂಮುನಿ, ಎದ್ದು ಜಾಗ ಕೊಟ್ಟ.

"ಬನ್ನಿ ಸರ್, ಕೂತ್ಕೊಳ್ಳಿ," ಎಂದು ತೊಯೆ ಸರಿದ.

ಪರದೆಯ ಮೇಲೆ ತಂಡಗಳ ಪಟ್ಟಿ ಬಂತು. ರಸ್ಮಾನೆ ತನ್ನ ತಂಡದ ಮೇಲೆ ಬೆರಳು ನಿಲ್ಲಿಸಲಿಲ್ಲ. ಕೆಳಗೆ, ಇನ್ನೂ ಕೆಳಗೆ ಹೋಗಿ, ತೂಗಾನ್ ಆರಿಸಿ ಒತ್ತಿದ.

ತೊಯೆ ಪರದೆ ನೋಡಿದ. ಅವನ ಹೆಬ್ಬೆರಳು ಗಾಳಿಯಲ್ಲಿ ನಿಂತಿತು. "ಸರ್, ಅದು..." ಎಂದ. "ಪರವಾಗಿಲ್ಲ ಸರ್. ಆಡಿ." ರಸ್ಮಾನೆ ವರ್ಷವಿಡೀ ಅಂಕಿ ಅಂಕಿ ನೋಡಿ ಕಟ್ಟಿದ್ದ ತಂಡವನ್ನು ಅವನು ಎತ್ತಿಕೊಂಡ. ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು.

ಆಟ ಶುರುವಾಯಿತು. ರಸ್ಮಾನೆಯ ಯೋಚನೆ ಇಷ್ಟೇ ಇತ್ತು: ತೊಯೆಯ ನೆಂಟರ ಕೈಲಿ ಒಂದಷ್ಟು ಮಂಗಾಟ ಆಡಿಸುವುದು, ಅವನು ತಡೆಯಲಾರದೆ ಬೈಯುವವರೆಗೆ. ಗೋಲ್‌ಕೀಪರ್ ತೊಯೆಯನ್ನು ಮೈದಾನದ ನಡುವಿನವರೆಗೆ ಓಡಿಸಿ ಚೆಂಡು ಕಳೆದುಕೊಂಡ. ಬೆಂಚಿನ ಮೇಲಿದ್ದ ತೊಯೆ ಖಾಲಿ ಗೋಲಿನತ್ತ ಹೊಡೆದ. ಅವನಿಗೆ ಆ ಸೂಕ್ಷ್ಮ ಆಟಗಾರರನ್ನು ಹಿಡಿದು ಅಭ್ಯಾಸವಿರಲಿಲ್ಲ, ಗುಂಡಿಯನ್ನು ಎಂದಿನಂತೆ ಜೀವಬಿಟ್ಟು ಒತ್ತಿದ್ದ. ಚೆಂಡು ಆಕಾಶಕ್ಕೆ ಹೋಯಿತು. ಕೋಣೆಯಲ್ಲಿ ಬಹಳ ದಿನಗಳ ಮೇಲೆ ಯಾರೋ ಸಿಳ್ಳೆ ಹಾಕಿದರು. ತೊಯೆ ಹಲ್ಲು ಕಚ್ಚಿ "ನನ್ನ ತಪ್ಪು ಸರ್," ಎಂದ.

ಎರಡನೆಯ ಸಲ ರಸ್ಮಾನೆಗೆ ಚೆಂಡು ಸಿಕ್ಕಾಗ ಅಭ್ಯಾಸಬಲದಿಂದ ಅಂಚಿಗೆ ಓಡಿಸಿದ. ಓಡಲಿಲ್ಲ. ಅಲ್ಲಿದ್ದವನು ತೊಯೆಯ ಸೋದರಮಾವ. ಹೊಲದ ಬದುವಿನ ಮೇಲೆ ನಡೆದ ಹಾಗೆ ನಡೆದ. ಹಿಂದಕ್ಕೆ ಕೊಟ್ಟ ಪಾಸ್ ಪಾದ್ರಿಯ ಹಿಮ್ಮಡಿಗೆ ತಾಗಿ ಎತ್ತಲೋ ಹೋಯಿತು. ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ ಈ ಜನರ ಮುಂದೆ ನಡೆಯುತ್ತಿರಲಿಲ್ಲ. ಅವನು ಬೆಂಚಿನ ಅಂಚಿಗೆ ಸರಿದು ಕೂತ. ಇವರನ್ನು ಹೇಗೆ ಆಡಿಸಬೇಕು? ಓಡಲಾರರು, ಆದರೆ ಒದೆಯಬಲ್ಲರು. ಹಾಗಾದರೆ ಓಡುವುದೇ ಬೇಡ. ಚಿಕ್ಕಪ್ಪ ತನ್ನ ಗೋಲಿನ ಬಳಿಯಿಂದಲೇ ಒದ್ದ. ಚೆಂಡು ಇಡೀ ಮೈದಾನ ದಾಟಿ ತಾತನ ಎದೆಗೆ ಬಂತು. ತಾತ ತಿರುಗಲು ಹೊತ್ತು ತೆಗೆದುಕೊಂಡ. ಮೂರು ಜನ ಸುತ್ತಿಕೊಂಡರು. ತಾತ ಹಾಗೇ ಒದ್ದ. ಚೆಂಡು ರಸ್ಮಾನೆಯ ಆ ಲೆಕ್ಕಾಚಾರದ ತಂಡದ ಒಬ್ಬನ ಮುಖಕ್ಕೆ ಬಡಿದು, ಅವನು ಮಲಗಿ, ಚೆಂಡು ಮಾತ್ರ ವಾಪಸ್ ತಾತನ ಕಾಲಿಗೇ ಬಂತು.

ರಸ್ಮಾನೆಯ ಬಾಯಿಂದ ಒಂದು ಸದ್ದು ಬಂತು. ಅದು ನಗು ಎಂದು ಅವನಿಗೇ ತಡವಾಗಿ ತಿಳಿಯಿತು.

"ಇನ್ನೊಂದ್ಸಲ ಹೊಡಿ ತಾತ!" ಎಂದು ಕೂಗಿದ.

ತಾತ ಹೊಡೆದ. ಗೋಲ್‌ಕೀಪರ್ ಸಮೇತ ಒಳಗೆ ಹೋಯಿತು.

ಬೆಂಚುಗಳು ಎದ್ದುನಿಂತವು. ಗೋಡೆಯ ಕಡೆಯ ಟೀವಿಯವರು ತಮ್ಮ ಆಟ ಬಿಟ್ಟು ಬಂದರು. ತೊಯೆಯ ಪಾಡು ಯಾರಿಗೂ ಬೇಡ. ಗೋಲು ಹೊಡೆದದ್ದು ಅವನ ಸ್ವಂತ ತಾತ. ಗೋಲು ಬಿದ್ದದ್ದು ಅವನಿಗೇ. ಕೈ ಎತ್ತಿ ಅರ್ಧಕ್ಕೆ ಇಳಿಸಿದ. "ಒಳ್ಳೆ..." ಎಂದ.

ಆಮೇಲಿನ ಆಟ ರಸ್ಮಾನೆಗೆ ಸರಿಯಾಗಿ ನೆನಪಿಲ್ಲ. ತೊಯೆ ಮೈದಾನದ ನಡುವಿನಿಂದಲೇ ಮತ್ತೆ ಮತ್ತೆ ಹೊಡೆದ, ಒಂದು ಹೇಗೋ ಒಳಗೆ ಹೋಯಿತು. ಪಾದ್ರಿಗೆ ಹಳದಿ ಕಾರ್ಡ್ ಸಿಕ್ಕಿತು. ಜೆನಾಬೊ ಸೌಟು ಹಿಡಿದೇ ಒಳಗೆ ಬಂದು ನಿಂತಿದ್ದಳು. ರಸ್ಮಾನೆ ತೊಯೆಯನ್ನು ಕೆಣಕಲು ಬಂದಿದ್ದೇನೆ ಎಂಬುದನ್ನೇ ಮರೆತ. ಇನ್ನೊಂದು ಗೋಲು ಬೇಕಿತ್ತು, ಈ ಮುದುಕರಿಂದ ಅದನ್ನು ಹೇಗೆ ಹೊಡೆಸುವುದು ಎಂಬುದೊಂದೇ ತಲೆಯಲ್ಲಿ. ಲಾಸಿನಾ ತಾತ ಈಗ ನಡೆಯುವುದನ್ನೂ ನಿಲ್ಲಿಸಿದ್ದ. ಹೆಸರಿನ ಕೆಳಗೆ ದಮ್ಮು ತೋರಿಸುವ ಗೆರೆ ಕೆಂಪಾಗಿತ್ತು. ಹೊರಗೆ ಕೂತವರಲ್ಲಿ ತೊಯೆಯ ಚಿಕ್ಕಪ್ಪನ ಮಗನೊಬ್ಬನಿದ್ದ, ಸ್ವಲ್ಪ ಓಡಬಲ್ಲವನು. ಯಾವ ತರಬೇತುದಾರನಾದರೂ ಮಾಡುವುದನ್ನೇ ರಸ್ಮಾನೆ ಮಾಡಿದ. ಆಟ ನಿಲ್ಲಿಸಿ, ಪಟ್ಟಿ ತೆರೆದು, ತಾತನನ್ನು ಹೊರಗೆ ತೆಗೆದು ಹುಡುಗನನ್ನು ಒಳಗೆ ಹಾಕಿದ.

ಪರದೆಯ ಮೇಲೆ ಲಾಸಿನಾ ತಾತ ತಲೆ ತಗ್ಗಿಸಿ ಅಂಚಿನ ಕಡೆ ಹೆಜ್ಜೆ ಹಾಕಿದ.

"ಏಯ್!"

ತೊಯೆ ಎದ್ದು ನಿಂತಿದ್ದ. ಕಂಟ್ರೋಲರ್ ಕೆಳಗೆ ಬಿದ್ದು ವೈರಿನಲ್ಲಿ ನೇತಾಡುತ್ತಿತ್ತು.

"ಏಯ್ ಏಯ್ ಏಯ್! ಯಾರನ್ನೋ ಹೊರಗೆ ಕಳಿಸಿದ್ದು? ನಮ್ಮ ತಾತನ್ನ? ಆ ಗೊಣ್ಣೆ ಮೂಗಿನ ಹುಡುಗನ್ನ ಒಳಗೆ ಬಿಟ್ಟು ನಮ್ಮ ತಾತನ್ನ ಬೆಂಚಲ್ಲಿ ಕೂರಿಸ್ತೀಯಾ? ಕತ್ತೆ ತಲೆ ತಿನ್ನೋಕೆ ಹೊಡೆದಾಡೋ ಮೋಸಿ ನನ್ಮಗನೇ! ನಿಮ್ಮಪ್ಪ ನಮ್ಮ ತಾತನ ಎತ್ತಿಗೆ ಹುಲ್ಲು ಹಾಕಿ ಬದುಕಿದೋನು, ನೀನು ಅವರನ್ನ ಬದಲಾಯಿಸ್ತೀಯಾ?"

ರಸ್ಮಾನೆ ನಿಜಕ್ಕೂ ಗೊಂದಲಗೊಂಡ. "ಸುಸ್ತಾಗಿದ್ರು ಕಣೋ," ಎಂದ. "ನೋಡು, ಕೆಂಪಾಗಿತ್ತು."

"ಸುಸ್ತಾದ್ರೆ? ಸುಸ್ತಾದ್ರೆ ಹಿರಿಯರನ್ನ ಎಬ್ಬಿಸಿ ಕಳಿಸ್ತಾರಾ ನಿಮ್ಮಲ್ಲಿ? ಅದಕ್ಕೇ ನಿಮ್ಮ ಊರಲ್ಲಿ ಮುದುಕರೇ ಇಲ್ಲ! ಸತ್ತ ಮೇಲಾದ್ರೂ ನೆಮ್ಮದಿಯಾಗಿ ಆಡ್ಲಿ ಅಂತ ನಾನು ಇಟ್ಟಿದ್ರೆ... ವಾಪಸ್ ಕರಿ! ಈಗಲೇ ಕರಿ!"

"ಕರೆಯೋಕಾಗಲ್ಲ. ಒಂದ್ಸಲ ಹೊರಗೆ ಹೋದವರು ಮತ್ತೆ ಒಳಗೆ ಬರೋ ಹಾಗಿಲ್ಲ. ಯಂತ್ರದ ನಿಯಮ."

"ಯಂತ್ರದ ನಿಯಮ! ಕೇಳಿದ್ರಾ? ಬಾಟ್ಲಿ ತೊಳೆಯೋ ಆಳು ನನಗೆ ನಿಯಮ ಹೇಳ್ತಾನೆ!"

ಆಗ ರಸ್ಮಾನೆಯ ಕಿವಿಗೆ ಆ ಮಾತು ಬಿತ್ತು. ಆಳು. ಅವನು ಸುತ್ತ ನೋಡಿದ. ಮೂಮುನಿ ಪಾನಕದ ಲೋಟ ತಲೆಯ ಮೇಲೆತ್ತಿ ಹಿಡಿದಿದ್ದ. ಜೆನಾಬೊ ಗೋಡೆಗೆ ಒರಗಿ, ಸೌಟಿನ ಹಿಂದೆ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದಳು. ರಸ್ಮಾನೆ ಸಾಧ್ಯವಾದಷ್ಟು ಗಂಭೀರವಾಗಿ ಹೇಳಿದ:

"ಹೊರಗೆ ಕೂರಿಸಿದ್ದಕ್ಕೆ ಖುಷಿಪಡು. ನಾಳೆ ನಿಮ್ಮ ತಾತನ್ನ ಮಾರಿಬಿಡ್ತೀನಿ. ಒಂದು ಕೋಳಿಗೆ ಯಾವ ತಂಡ ಬೇಕಾದ್ರೂ ತಗೊಳುತ್ತೆ."

"ಕೋಳಿಗಾ? ನಮ್ಮ ತಾತ ಒಂದು ಕೋಳಿಗಾ?"

"ಸಣ್ಣ ಕೋಳಿ."

ತೊಯೆ ಅವನ ಟೋಪಿ ಕಿತ್ತು ಕಿಟಕಿಯಿಂದ ಹೊರಗೆಸೆದ. ರಸ್ಮಾನೆ ತೊಯೆಯ ಚಪ್ಪಲಿಯೊಂದನ್ನು ಎತ್ತಿ ಅದೇ ಕಿಟಕಿಯಿಂದ ಎಸೆದ. ನಿಂತ ಆಟ ಪರದೆಯ ಮೇಲೆ ಕಾಯುತ್ತಲೇ ಇತ್ತು. "ಆಡ್ರೋ, ಸರದಿ ಇದೆ!" ಎಂದು ಹಿಂದಿನವರು ಕೂಗಿದಾಗ ಇಬ್ಬರೂ ಏದುಸಿರು ಬಿಡುತ್ತಾ ಕೂತರು. ತೊಯೆ ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ಕಂಟ್ರೋಲರ್ ಎತ್ತಿಕೊಂಡ. ಅವನ ಬಾಯಿ ಈಗ ನಿಲ್ಲಲಿಲ್ಲ. ತಡೆದಿಟ್ಟಿದ್ದ ವಾರಗಳ ಬೈಗುಳವೆಲ್ಲ ಒಟ್ಟಿಗೆ ಬಂತು: ರಸ್ಮಾನೆಯ ಕಿವಿ, ಅವನ ಮೊಪೆಡ್, ಅವನ ಅಜ್ಜ ಸಂತೆಯಲ್ಲಿ ಓಡಿಹೋದದ್ದು, ನೀರು ಮೂಸುವ ಕೆಲಸ. ರಸ್ಮಾನೆಯೂ ಉತ್ತರ ಕೊಡುತ್ತಲೇ ಆಡಿದ. ಮಾತು ಕೊಡುವಾಗ ಬೆರಳು ತಪ್ಪಿತು, ಬೆರಳು ನೋಡುವಾಗ ಮಾತು ತಪ್ಪಿತು. ಕೊನೆಯಲ್ಲಿ ತಾತನ ಜಾಗಕ್ಕೆ ಬಂದಿದ್ದ ಹುಡುಗ ಚೆಂಡು ತೆಗೆಯಲು ಹೋಗಿ ತನ್ನದೇ ಗೋಲಿಗೆ ತಳ್ಳಿದ.

"ನೋಡಿದ್ಯಾ!" ತೊಯೆ ಬೆಂಚಿನ ಮೇಲೆ ಹತ್ತಿ ನಿಂತ. "ತಾತ ಇದ್ದಿದ್ರೆ ಹೀಗಾಗ್ತಿತ್ತಾ? ನೋಡಿದ್ಯಾ!"

"ಗೆದ್ದಿದ್ದು ನನ್ನ ತಂಡ," ಎಂದ ರಸ್ಮಾನೆ.

"ಗೆಲ್ಲಿಸಿದ್ದು ನಾನು. ಏಳು!"

ಸೋತವನು ಏಳಬೇಕು. ರಸ್ಮಾನೆ ಏಳಲಿಲ್ಲ. "ಇನ್ನೊಂದು," ಎಂದ. "ಒಂದೇ ಒಂದು. ತಾತನ್ನ ಕೊನೆವರೆಗೂ ಆಡಿಸ್ತೀನಿ, ದೇವರಾಣೆ." ಯಾರೂ ಒಪ್ಪಲಿಲ್ಲ. ಮೂಮುನಿ ಒಂದು ತೋಳು ಹಿಡಿದ, ಇನ್ನೊಬ್ಬ ಇನ್ನೊಂದು ತೋಳು ಹಿಡಿದ, ಬೆಂಚಿಗೆ ಅಂಟಿಕೊಂಡ ಅವನನ್ನು ಎಳೆದು ತೆಗೆದರು. "ಮೊದಲು ಎರಡು ಲೋಟ ಪಾನಕ," ಎಂದ ಮೂಮುನಿ, ಅವನ ಜಾಗದಲ್ಲಿ ಕೂರುತ್ತಾ.

ರಸ್ಮಾನೆ ಸರದಿಯ ಕೊನೆಗೆ ಹೋಗಿ ನಿಂತ. ಅವನ ಮುಂದೆ ಬಹಳ ಜನರಿದ್ದರು. ಮನೆಗೆ ಹೋಗುವ ಹೊತ್ತಾಗಿತ್ತು, ಮರಿಯಮ್ ಮೀನು ತರಲು ಹೇಳಿದ್ದಳು. ಅವನು ಮುಂದಿನವನ ಭುಜದ ಮೇಲಿಂದ ಕತ್ತು ಉದ್ದ ಮಾಡಿ ಪರದೆ ನೋಡಿದ. ತೂಗಾನ್ ಮತ್ತೆ ಮೈದಾನಕ್ಕೆ ಇಳಿಯುತ್ತಿತ್ತು, ತೊಯೆಯ ಕೈಯಲ್ಲಿ.

"ಮೂಮುನಿ!" ಎಂದು ಕೂಗಿದ. "ತಾತನಿಗೆ ಎಡಗಾಲಿನ ಕಡೆ ಮಾತ್ರ ತಿರುಗೋಕಾಗೋದು! ಬಲಗಡೆಯಿಂದ ಹೋಗು, ಬಲಗಡೆಯಿಂದ!"

"ಬಾಯಿ ಮುಚ್ಚೋ ಆಳೇ!" ಎಂದ ತೊಯೆ, ಪರದೆಯಿಂದ ಕಣ್ಣು ತೆಗೆಯದೆ.